ಓಬಳಪ್ಪನ ಪಾಲು

ನೂರು ತೆಂಗಿನಕಾಯಿಯ ಚಿಪ್ಪು ಎಣಿಸಿ ಗೋಣಿಚೀಲಕ್ಕೆ ತುಂಬಿ ತೂಗಿದಾಗ ಹದಿಮೂರು ಕಿಲೋ ಇನ್ನೂರು ಗ್ರಾಂ ಬಂತು. ಶ್ರುತಿ ಅದನ್ನು ಬರೆದುಕೊಂಡು ಚೀಲ ಸುರಿದಳು. ರಾಶಿಯ ಇನ್ನೊಂದು ಮೂಲೆಯಿಂದ ಮತ್ತೆ ನೂರು ಎಣಿಸಿದಳು. ಹದಿಮೂರು ಕಿಲೋ ಒಂಬೈನೂರು. ಮೂರನೆಯ ಸಲ ಹದಿಮೂರು ನಾನೂರು.

"ಏನವ್ವಾ, ಬಿಎಸ್ಸಿ ಓದಿ ಚಿಪ್ಪು ತೂಗೋ ಹಂಗಾಯ್ತಲ್ಲ," ಎಂದು ಜಗಲಿಯ ಮೇಲಿಂದ ಗುರುಮೂರ್ತಪ್ಪನವರು ನಕ್ಕರು. ಸಿಂಗಟಗೆರೆಯಲ್ಲಿ ಅವರದು ದೊಡ್ಡ ತೆಂಗಿನ ತೋಟ. "ಮೂರು ಮೂರು ಸಲ ತೂಗಿದ್ರೆ ಚಿಪ್ಪೇನು ಮರಿ ಹಾಕ್ತದಾ?"

"ಒಂದೇ ಸಲ ತೂಗಿದ್ರೆ ಎದುರು ವಕೀಲರು ನಗ್ತಾರೆ ಗುರುಮೂರ್ತಪ್ಪೋರೇ. ಈಗ ನೀವು ನಕ್ಕಿದ್ದೇ ಸಾಕು."

ಸರಾಸರಿ ಹದಿಮೂರೂವರೆ ಕಿಲೋ. ಒಂದು ಕಾಯಿಯ ಚಿಪ್ಪಿಗೆ ನೂರ ಮೂವತ್ತೈದು ಗ್ರಾಂ. ಅವಳಿಗೆ ಬೇಕಾಗಿದ್ದುದು ಈ ಒಂದೇ ಸಂಖ್ಯೆ. ತಾನು ಕೆಲಸ ಮಾಡುವ ಅಜ್ಜಂಪುರದ ರಕ್ತಪರೀಕ್ಷೆ ಲ್ಯಾಬಿನಲ್ಲಿ ಭಾನುವಾರ ಅರ್ಧ ದಿನ ರಜೆ ಕೇಳಿಕೊಂಡು, ಎರಡು ಬಸ್ಸು ಬದಲಿಸಿ ಬಂದದ್ದು ಅದಕ್ಕಾಗಿಯೇ.

ಆ ಕಡೆಯ ತೋಟಗಳಲ್ಲಿ ಬಲಿತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸುತ್ತಾರೆ. ಆಮೇಲೆ ಒಡೆಯುವವರು ಬರುತ್ತಾರೆ. ಸಿಪ್ಪೆ ಸುಲಿದು, ಕಾಯಿಯನ್ನು ಎಡ ಅಂಗೈಯಲ್ಲಿ ತಿರುಗಿಸುತ್ತಾ, ಬಲಗೈಯ ಮಚ್ಚಿನಿಂದ ಚಿಪ್ಪನ್ನು ಮಾತ್ರ ಎಬ್ಬಿಸಿ, ಒಳಗಿನ ಕೊಬ್ಬರಿಯನ್ನು ಇಡೀ ಉಂಡೆಯಾಗಿ ಹೊರಗೆ ತೆಗೆಯಬೇಕು. ಏಟು ಒಂದು ಕೂದಲಿನಷ್ಟು ಹೆಚ್ಚಾದರೂ ಉಂಡೆ ಹೋಳಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಶ್ರುತಿಯ ಅಪ್ಪ ಓಬಳಪ್ಪ ಮೂವತ್ತು ವರ್ಷ ಈ ಕೆಲಸ ಮಾಡಿದವನು. ಜೊತೆಗೆ ಹೊನ್ನೇಶ್ ಮತ್ತು ಸಿದ್ದೇಶ್. ಮೂವರ ಗುಂಪು, ಬಂದದ್ದರಲ್ಲಿ ಮೂರು ಸಮಪಾಲು; ಯಾರು ಎಷ್ಟು ಒಡೆದರು ಎಂದು ನೋಡುವ ಪದ್ಧತಿಯಿಲ್ಲ.

ಕಾಗದದ ಲೆಕ್ಕ ಇಡುವ ಪದ್ಧತಿಯೂ ಇರಲಿಲ್ಲ. ನೂರು ಕಾಯಿಗೆ ಗೋಡೆಯ ಮೇಲೆ ಇದ್ದಲಿನಲ್ಲಿ ಒಂದು ಗೆರೆ. ಕೊನೆಯ ದಿನ ಯಜಮಾನರು ಗೆರೆ ಎಣಿಸಿ ನಗದು ಕೊಡುತ್ತಾರೆ. ಕೊಟ್ಟ ತಕ್ಷಣ ಒಡೆಯುವವನೇ ಒದ್ದೆ ಬಟ್ಟೆ ತಂದು ಗೋಡೆ ಒರೆಸುತ್ತಾನೆ. ಗೆರೆ ಉಳಿದಿದೆ ಎಂದರೆ ಬಾಕಿ ಉಳಿದಿದೆ ಎಂದರ್ಥ. ಹಣ ಪಡೆದೂ ಗೆರೆ ಬಿಟ್ಟು ಹೋದರೆ ಆ ಮನೆಯವರಿಗೆ ಅವಮಾನ. ಸಿಂಗಟಗೆರೆಯಿಂದ ಎಮ್ಮೆದೊಡ್ಡಿಯವರೆಗೆ ಓಬಳಪ್ಪ ಕೆಲಸ ಮಾಡಿದ ಮನೆಗಳ ಗೋಡೆಗಳೆಲ್ಲ ಸ್ವಚ್ಛವಾಗಿದ್ದವು. ಅವನು ದುಡಿದಿದ್ದನೆಂಬುದಕ್ಕೆ ಜಗತ್ತಿನಲ್ಲಿ ಒಂದು ಗುರುತೂ ಉಳಿದಿರಲಿಲ್ಲ.

ಆ ಗುರುತು ಈಗ ಬೇಕಾಗಿತ್ತು. ಎರಡೂವರೆ ವರ್ಷದ ಹಿಂದೆ, ತರೀಕೆರೆ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಕಾಯಿ ಒಡೆಯುತ್ತಿದ್ದ ಓಬಳಪ್ಪನನ್ನು ಪಂಪ್‌ಸೆಟ್ ಕಳುವಿನ ಅನುಮಾನದ ಮೇಲೆ ಪೊಲೀಸರು ಜೀಪು ಹತ್ತಿಸಿದ್ದರು. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದೆ ಹತ್ತೊಂಬತ್ತು ದಿನ ಇಟ್ಟುಕೊಂಡರು. ಬಿಡುವ ಹೊತ್ತಿಗೆ ಬಲ ಮಣಿಕಟ್ಟಿನ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕಳ್ಳರು ಆಮೇಲೆ ಬೇರೆ ಕಡೆ ಸಿಕ್ಕಿದರು. ಆ ಬಂಧನ ಕಾನೂನಿಗೆ ವಿರುದ್ಧ, ಮಾನವ ಹಕ್ಕಿನ ಉಲ್ಲಂಘನೆ ಎಂದು ಹೈಕೋರ್ಟು ಹೇಳಿ, ಪಟ್ಟ ನೋವಿಗೆಂದು ಒಂದಿಷ್ಟು ಹಣ ಕೊಡಿಸಿತ್ತು. ದುಡಿಮೆಯ ನಷ್ಟ ಎಷ್ಟೆಂಬುದನ್ನು ತರೀಕೆರೆಯ ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತು ಮಾಡಿಕೊಳ್ಳಿ ಎಂದಿತ್ತು. ವಿಚಾರಣೆಗೆ ಇನ್ನು ಹನ್ನೊಂದು ದಿನ.

ಚಿಪ್ಪಿನ ಯೋಚನೆ ಶ್ರುತಿಗೆ ಹೊಳೆದದ್ದು ಲ್ಯಾಬಿನಲ್ಲಿ. ಕಾಯಿ ಹೋಗಿದೆ, ಗೆರೆ ಹೋಗಿದೆ, ಆದರೆ ಚಿಪ್ಪು? ಅದನ್ನು ಇದ್ದಲು ಸುಡಲು ಕಡೂರಿನ ಪ್ರಸನ್ನಕುಮಾರ್ ಎಂಬ ವ್ಯಾಪಾರಿ ಟ್ರ್ಯಾಕ್ಟರಿನಲ್ಲಿ ಒಯ್ಯುತ್ತಿದ್ದ. ಪ್ರತಿ ಲೋಡಿಗೂ ವೇಬ್ರಿಡ್ಜ್ ಚೀಟಿ. ಐದು ವರ್ಷದ ಚೀಟಿಗಳನ್ನು ಅವನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ಬಂಧನಕ್ಕೆ ಮೊದಲು ಇದೇ ಅಟ್ಟದಲ್ಲಿ ಹತ್ತು ದಿನದ ಕೆಲಸದ ಚಿಪ್ಪು ಮೂರು ಸಾವಿರದ ಇನ್ನೂರ ನಲವತ್ತು ಕಿಲೋ. ಅಂದರೆ ಇಪ್ಪತ್ನಾಲ್ಕು ಸಾವಿರ ಕಾಯಿ, ದಿನಕ್ಕೆ ಎರಡು ಸಾವಿರದ ನಾನೂರು. ಬಂಧನದ ನಂತರ ಹತ್ತು ದಿನದ್ದು ಎರಡು ಸಾವಿರದ ಇಪ್ಪತ್ತೈದು ಕಿಲೋ. ದಿನಕ್ಕೆ ಒಂದೂವರೆ ಸಾವಿರ. ಒಂಬೈನೂರು ಕಾಯಿ ಕಡಿಮೆ. ಆ ಒಂಬೈನೂರು ಕಾಯಿ ಅಪ್ಪನ ಬಲಗೈ. ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಅಟ್ಟದ ಕೆಳಗೆ ಅಪ್ಪ ಕೊಬ್ಬರಿಯ ರಾಶಿಯ ಮುಂದೆ ಕೂತು ದಪ್ಪದ್ದು, ನಡುವಿನದು, ಬಿರುಕು ಬಿಟ್ಟದ್ದು ಎಂದು ಎಡಗೈಯಲ್ಲಿ ಆರಿಸುತ್ತಿದ್ದ. ಅತ್ತ ಸಿದ್ದೇಶನ ಮಚ್ಚಿನ ಸದ್ದು ಕೇಳಿಯೇ ಕೂಗಿದ. "ಲೇ, ಅದು ಕೊಬ್ಬರಿ ಕಣೋ, ಸೌದೆ ಅಲ್ಲ! ಮೆಲ್ಲಗೆ!"

"ನೀನು ಅಲ್ಲಿ ಕೂತ್ಕಂಡು ಕಿವೀಲೇ ಒಡೀತೀಯಲ್ಲಣ್ಣ," ಎಂದ ಸಿದ್ದೇಶ್.

ಗುರುಮೂರ್ತಪ್ಪನವರ ಸೊಸೆ ಸುಮನಾ ಶ್ರುತಿಗೆ ಕಾಫಿ ತಂದುಕೊಟ್ಟಳು. ಓಬಳಪ್ಪನ ಕಡೆ ನೋಡಿ ದನಿ ತಗ್ಗಿಸಿದಳು. "ಮೊದಲು ಆರಿಸೋದನ್ನ ನಾನೇ ಮಾಡ್ತಿದ್ದೆ ಕಣೇ, ಬೆನ್ನು ಬಿದ್ದೋಗ್ತಿತ್ತು. ಎರಡು ವರ್ಷದಿಂದ ನಿಮ್ಮಪ್ಪನೇ ಮಾಡ್ತಾರೆ. ಹೊನ್ನೇಶ ಬಂದು ನಮ್ಮ ಮಾವನ ಹತ್ರ ಕೇಳ್ಕಂಡ. ಕೂಲಿ ಏನೂ ಬ್ಯಾಡ, ಅಣ್ಣಂಗೆ ನೀವೇ ಹೇಳಿದ್ರಿ ಅನ್ನಿ ಸಾಕು ಅಂದ."

ಶ್ರುತಿ ಲೋಟ ಕೆಳಗಿಟ್ಟು ಲೆಕ್ಕದ ಹಾಳೆಯನ್ನು ಮತ್ತೆ ತೆರೆದಳು.

ಮಂಗಳವಾರ ಸಂಜೆ ಕಡೂರಿನ ತಮ್ಮ ಆಫೀಸಿನಲ್ಲಿ ವಕೀಲೆ ವನಜಾಕ್ಷಿ ಶ್ರುತಿಯ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದರು. ಐವತ್ತು ದಾಟಿದ ಹೆಂಗಸು. ಮೆಚ್ಚುಗೆಯನ್ನು ಮುಖದ ಮೇಲೆ ತೋರಿಸುವವರಲ್ಲ.

"ಚಿಪ್ಪಿನ ವಿಷಯ ಗಟ್ಟಿಯಾಗಿದೆ. ಪ್ರಸನ್ನಕುಮಾರ್‌ನ ಸಾಕ್ಷಿಗೆ ಕರೆಸ್ತೀನಿ. ಸಾವಿರ ಕಾಯಿಗೆ ಕೂಲಿ ಎಷ್ಟು?"

"ಸಾವಿರದ ಮುನ್ನೂರು."

"ಮೊದಲು ದಿನಕ್ಕೆ ಒಟ್ಟು ಮೂರು ಸಾವಿರದ ನೂರಿಪ್ಪತ್ತು, ಒಬ್ಬೊಬ್ಬರಿಗೆ ಸಾವಿರದ ನಲವತ್ತು. ಈಗ ಒಟ್ಟು ಸಾವಿರದ ಒಂಬೈನೂರ ಐವತ್ತು. ಒಬ್ಬೊಬ್ಬರಿಗೆ?"

"ಆರುನೂರ ಐವತ್ತು."

"ಹಾಗಾದರೆ ನಿಮ್ಮಪ್ಪನ ನಷ್ಟ ದಿನಕ್ಕೆ ಮುನ್ನೂರ ತೊಂಬತ್ತು." ವನಜಾಕ್ಷಿ ಪೆನ್ನು ಮುಚ್ಚಿದರು. "ಅಷ್ಟನ್ನೇ ಸರ್ಕಾರಿ ವಕೀಲರು ಒಪ್ಕೊಳ್ಳೋದು. ಅದಕ್ಕೂ ಒಂದು ಮಾತು ಸೇರಿಸ್ತಾರೆ. ಅವರಿಬ್ಬರಿಗೂ ಅಷ್ಟೇ ಕಮ್ಮಿ ಆಗಿದೆಯಲ್ಲ, ಅವರ ಕೈ ಯಾರು ಮುರಿದ್ರು, ಮಾರ್ಕೆಟ್ಟೇ ಬಿದ್ದಿರಬೇಕು ಅಂತಾರೆ."

"ಆದ್ರೆ ಆ ಆರುನೂರ ಐವತ್ತು ಅಪ್ಪ ದುಡಿದಿದ್ದಲ್ಲ ಮೇಡಂ. ಹೊನ್ನೇಶ್ ಚಿಕ್ಕಪ್ಪ, ಸಿದ್ದೇಶಣ್ಣ ಅವರ ದುಡಿಮೇಲಿ ತೆಗೆದು ಕೊಡ್ತಿರೋದು. ಅಪ್ಪಂಗೆ ಪೂರ್ತಿ ಸಾವಿರದ ನಲವತ್ತೂ ಹೋಗಿದೆ."

"ಇನ್ನೊಬ್ಬರು ಅಂತಃಕರಣದಿಂದ ಕೊಟ್ಟಿದ್ದನ್ನ ನಷ್ಟದಲ್ಲಿ ಕಳೀಬಾರದು ಅಂತ ನಾನು ವಾದ ಮಾಡಬಹುದು, ಗೆಲ್ಲಲೂಬಹುದು. ಆದರೆ ಅದು ಕೂಲಿ ಅಲ್ಲ ಅಂತ ಕೋರ್ಟಿಗೆ ಹೇಳೋರು ಯಾರು? ಅಫಿಡವಿಟ್‌ನಲ್ಲಿ ನಾನು 'ದುಡಿಯಲು ಅಶಕ್ತನಾಗಿದ್ದೇನೆ' ಅಂತ ಬರೆದಾಗ ನಿಮ್ಮಪ್ಪ ಏನು ಮಾಡಿದ್ರು? ಸುಳ್ಳಿಗೆ ರುಜು ಹಾಕಲ್ಲ, ದಿನಾ ಕೆಲಸಕ್ಕೆ ಹೋಗ್ತೀನಿ ಅಂತ ಎದ್ದೇಬಿಟ್ರು. ಕೊನೆಗೆ 'ಮೊದಲಿನಂತೆ ದುಡಿಯಲು' ಅಂತ ತಿದ್ದಿದೆ. ಆ ಪಾಲು ಕೂಲಿ ಅಲ್ಲ ಅಂತ ಅವರಿಗೆ ಗೊತ್ತಾ?"

"ಇಲ್ಲ."

"ನಿಮ್ಮಪ್ಪಂಗೆ ನಲವತ್ತೊಂಬತ್ತು. ಇನ್ನೂ ಹದಿನೈದು ವರ್ಷದ ದುಡಿಮೆ ಇತ್ತು. ದಿನಕ್ಕೆ ಆರುನೂರ ಐವತ್ತರ ವ್ಯತ್ಯಾಸ ಅಂದ್ರೆ ನೀನೇ ಗುಣಿಸ್ಕೋ."

ಶ್ರುತಿ ಬಸ್ಸಿನಲ್ಲಿ ಗುಣಿಸಿದಳು. ಉತ್ತರ ನೋಡಿ ಹಾಳೆ ಮಡಿಸಿಟ್ಟಳು.

ಹೊನ್ನೇಶ್ ಸಿಕ್ಕಿದ್ದು ಮರುದಿನ ಅಜ್ಜಂಪುರದ ಸಂತೆಯಲ್ಲಿ. ವಿಷಯ ಕೇಳಿ ಅವನು ಈರುಳ್ಳಿ ಚೀಲವನ್ನು ಕೆಳಗಿಟ್ಟ.

"ಕೋರ್ಟಿಗೆ ಬತ್ತೀನಿ. ಆ ಪೊಲೀಸರ ಎದುರಿಗೇ ನಿಂತ್ಕಂತೀನಿ, ಹೆದ್ರಲ್ಲ. ಈ ಮಾತು ಮಾತ್ರ ನನ್ನ ಬಾಯಲ್ಲಿ ಆಡಿಸ್‌ಬ್ಯಾಡ ಕಣವ್ವ."

"ನಿಜ ತಾನೇ ಚಿಕ್ಕಪ್ಪ?"

"ನಿಜ ಅಂತ್ಲೇ ಬ್ಯಾಡ ಅಂತಿರೋದು. ನಂಗೆ ಮಚ್ಚು ಹಿಡಿಯೋದು ಕಲಿಸ್ದೋನು ಅಣ್ಣ. ಮೊದಲನೇ ವರ್ಷ ನಾನು ಒಡ್ದಿದ್ದೆಲ್ಲ ಹೋಳು. ಯಜಮಾನ್ರು ಬೈದ್ರೆ ಬೈಸ್ಕಂಡೋನು ಅವ್ನು. ಆಗ್ಲೂ ನಂಗೆ ಪಾಲು ಸಮ ಕೊಟ್ಟ. ಈಗ ಅವನ ಮಕದ ಮುಂದೆ, ನೀನು ಕೆಲಸಕ್ಕೆ ಬರಲ್ಲ, ನಾವು ನಿನ್ನ ಸಾಕ್ತಿದೀವಿ ಅನ್ಲಾ? ಅವತ್ತಿಂದ ಅವ್ನು ನಮ್ಮ ಜೊತೆ ಒಂದು ತುತ್ತು ತಿನ್ನಲ್ಲ."

"ನಿಶ್ಚಿತಾ ನರ್ಸಿಂಗ್‌ಗೆ ಸೇರಲಿಲ್ಲ ಯಾಕೆ?"

ಹೊನ್ನೇಶ್ ಚೀಲದ ಬಾಯಿಯನ್ನು ಮತ್ತೆ ಬಿಗಿದು ಕಟ್ಟಿದ. ಅವನ ಮಗಳು ನಿಶ್ಚಿತಾ ಪಿಯುಸಿಯಲ್ಲಿ ಎಂಬತ್ತೆರಡು ಪರ್ಸೆಂಟ್ ತೆಗೆದಿದ್ದಳು. ಈಗ ಕಡೂರಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಿಸುತ್ತಿದ್ದಳು.

"ಅದು ಬೇರೆ ವಿಷಯ," ಎಂದು ಚೀಲ ಎತ್ತಿಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಅಣ್ಣ ಒಳಗಿಲ್ಲದಿದ್ರೆ ಹೇಳ್ತೀನಿ. ನನ್ನ ಸರದಿ ಬಂದಾಗ ಅವನನ್ನ ಟೀಗೆ ಕರ್ಕಂಡು ಹೋಗಕೆ ಸಿದ್ದೇಶಂಗೆ ಹೇಳು. ಅವ್ನು ಇದ್ದ ಅಂದ್ರೆ ನನ್ನ ಬಾಯಿ ಬಿಡಿಸೋದು ಆ ದೇವ್ರಿಗೂ ಆಗಲ್ಲ."

ಉಪಾಯ ಅಷ್ಟೇ ಆಗಿತ್ತು. ಮೊದಲು ಓಬಳಪ್ಪನ ಸಾಕ್ಷಿ, ಆಮೇಲೆ ಟೀ, ಆಮೇಲೆ ಹೊನ್ನೇಶ್. ಶ್ರುತಿ ಅದನ್ನು ರಾತ್ರಿಯೆಲ್ಲ ಮನಸ್ಸಿನಲ್ಲಿ ಓಡಿಸಿ ನೋಡಿದಳು. ಎಲ್ಲಿಯೂ ತಪ್ಪು ಕಾಣಲಿಲ್ಲ. ಅಪ್ಪನನ್ನು ಎದುರು ವಕೀಲರು ಏನು ಕೇಳಬಹುದು ಎಂಬುದನ್ನು ಮಾತ್ರ ಅವಳು ಓಡಿಸಿ ನೋಡಿರಲಿಲ್ಲ.

ತರೀಕೆರೆಯ ಕೋರ್ಟಿನಲ್ಲಿ ಆ ದಿನ ಓಬಳಪ್ಪನ ಕೇಸು ಕರೆದಾಗ ಒಂದು ಗಂಟೆ ಹತ್ತು ನಿಮಿಷ. ಪ್ರಸನ್ನಕುಮಾರ್ ಚೀಟಿಗಳ ಕಟ್ಟು ಹಿಡಿದು ಹೊರಗೆ ಕೂತಿದ್ದ, ಹೊನ್ನೇಶನೂ ಹೊರಗೆ. ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳುವಂತಿರಲಿಲ್ಲ. ಓಬಳಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಿದ. ಸೊಟ್ಟ ಮಣಿಕಟ್ಟು ಕಾಣದಂತೆ ತೋಳಿನ ಗುಂಡಿ ಹಾಕಿದ್ದ. ಮಡಿಸಿಕೋ ಎಂದು ಶ್ರುತಿ ಬೆಳಿಗ್ಗೆಯೇ ಎರಡು ಸಲ ಹೇಳಿದ್ದಳು.

ಸರ್ಕಾರಿ ವಕೀಲ ರುದ್ರಮೂರ್ತಿ ದನಿ ಏರಿಸುವವರಾಗಿರಲಿಲ್ಲ. ಮನೆಗೆ ಬಂದ ನೆಂಟರನ್ನು ಮಾತಾಡಿಸಿದಂತೆ ಶುರು ಮಾಡಿದರು.

"ಓಬಳಪ್ಪನವರೇ, ಈಗ ಆರೋಗ್ಯ ಹೇಗಿದೆ?"

"ಚೆನ್ನಾಗಿದೀನಿ ಸ್ವಾಮಿ, ತಮ್ಮ ದಯೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬೆರಳಚ್ಚುಗಾರ್ತಿ ಟೈಪು ಮಾಡಿದಳು. ವನಜಾಕ್ಷಿ ಕಣ್ಣು ಮುಚ್ಚಿ ತೆರೆದರು.

"ಕೆಲಸಕ್ಕೆ ಹೋಗ್ತೀರಾ?"

"ದಿನಾ ಹೋಗ್ತೀನಿ. ಜ್ವರ ಬಂದ್ರೂ ತಪ್ಪಿಸಿಲ್ಲ."

"ಅದೇ ಗುಂಪಿನಲ್ಲಿ?"

"ಅದೇ ಗುಂಪು. ಈಗ ಆರಿಸೋ ಜವಾಬ್ದಾರಿ ನಂದು."

"ಬಂದ ಕೂಲಿ ಹೇಗೆ ಹಂಚ್ಕೊಳ್ತೀರಿ?"

"ಮೂರು ಪಾಲು ಸ್ವಾಮಿ. ಸಮಸಮ. ಮೊದಲೂ ಹಂಗೇ, ಈಗ್ಲೂ ಹಂಗೇ."

"ಹೊನ್ನೇಶ್ ಅನ್ನೋರಿಗೆ ಬಂದಷ್ಟೇ ನಿಮಗೂ."

"ಒಂದು ಪೈಸೆ ಹೆಚ್ಚುಕಮ್ಮಿ ಇಲ್ಲ."

ರುದ್ರಮೂರ್ತಿ ತಲೆಯಾಡಿಸಿದರು. "ಅದನ್ನ ಅವರು ನಿಮಗೆ ಸುಮ್ಮನೆ ಕೊಡೋದಲ್ಲ ತಾನೇ? ನೀವು ದುಡಿದದ್ದು."

ಓಬಳಪ್ಪನ ಮುಖ ಬಿಗಿಯಾಯಿತು. "ಸುಮ್ನೆ ಯಾಕೆ ಈಸ್ಕೊಳ್ಳಲಿ ಸ್ವಾಮಿ? ನಾನು ಯಾರ ಹತ್ರಾನೂ ಕೈ ಚಾಚಿದೋನಲ್ಲ. ದುಡ್ದಿದ್ದು."

"ಬರೆದುಕೊಳ್ಳಿ," ಎಂದರು ನ್ಯಾಯಾಧೀಶರು. ಗಡಿಯಾರ ನೋಡಿದರು. "ಉಳಿದ ಪಾಟೀಸವಾಲು ಮಧ್ಯಾಹ್ನ ಮೂರಕ್ಕೆ."

ವರಾಂಡದಲ್ಲಿ ಶ್ರುತಿ ವನಜಾಕ್ಷಿಯ ಹಿಂದೆ ಓಡಿದಳು. ವಕೀಲೆ ನಿಲ್ಲಲಿಲ್ಲ.

"ನನ್ನ ಹತ್ರ ಬರಬೇಡ. ಪಾಟೀಸವಾಲು ಮುಗಿಯೋವರೆಗೆ ನಾನು ನಿಮ್ಮಪ್ಪನ ಜೊತೆ ಕೇಸಿನ ಬಗ್ಗೆ ಮಾತಾಡಂಗಿಲ್ಲ."

"ಇನ್ನು ಹೊನ್ನೇಶ್ ಚಿಕ್ಕಪ್ಪ ಹೇಳಿದ್ರೆ?"

"ಏನು ಪ್ರಯೋಜನ? ದುಡಿದಿದ್ದು ಅಂತ ನಿಮ್ಮಪ್ಪನೇ ಪ್ರಮಾಣ ಮಾಡಿ ಹೇಳಿದ್ದಾರೆ. ಅದರ ಮುಂದೆ ಇನ್ನೊಬ್ಬರ ಮಾತು ನಡೆಯುತ್ತಾ?"

"ನಾನು ಅಪ್ಪಂಗೆ ಹೇಳಿದ್ರೆ?"

ವನಜಾಕ್ಷಿ ಈಗ ನಿಂತರು. "ನೀನು ಸಾಕ್ಷಿಗೆ ಹೇಳಿಕೊಡಬಾರದು. ಮಗಳು ಅಪ್ಪನಿಗೆ ಮನೆ ವಿಷಯ ಹೇಳೋದನ್ನ ನಾನು ತಡೆಯೋಕಾಗಲ್ಲ. ಒಂದು ನೆನಪಿರಲಿ. ಮೂರು ಗಂಟೆಗೆ ಅವರು ಕೇಳೇ ಕೇಳ್ತಾರೆ, ಊಟದ ಹೊತ್ತಲ್ಲಿ ಯಾರ ಜೊತೆ ಮಾತಾಡಿದೆ ಅಂತ. ಅದಕ್ಕೆ ಸುಳ್ಳು ಹೇಳಿದ್ರೆ ಇದ್ದದ್ದೂ ಹೋಗುತ್ತೆ." ಎರಡು ಹೆಜ್ಜೆ ಹೋಗಿ, "ನಾನು ನಿಂಗೆ ಏನೂ ಹೇಳ್ಲಿಲ್ಲ," ಎಂದರು.

ಓಬಳಪ್ಪ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದ. ಹೆಂಡತಿ ಓಬಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಹೊನ್ನೇಶನೂ ಸಿದ್ದೇಶನೂ ಹೋಟೆಲಿಗೆ ಹೋಗಿದ್ದರು.

"ಹೆಂಗಿತ್ತು?" ಎಂದ ಓಬಳಪ್ಪ. ಮುಖದಲ್ಲಿ ಪರೀಕ್ಷೆ ಬರೆದು ಬಂದವನ ಹುರುಪು. "ಒಂದು ಕಡೇನಾದ್ರೂ ತಡವರಿಸಿದ್ನಾ? ಕೈ ಚಾಚಿದೋನಲ್ಲ ಅಂದಾಗ ಆ ಜಡ್ಜು ನನ್ನೇ ನೋಡಿದ್ರು."

ಶ್ರುತಿ ಪಕ್ಕದಲ್ಲಿ ಕೂತಳು. ಎರಡು ಇಪ್ಪತ್ತು. ಹೇಳದಿದ್ದರೆ ಅಪ್ಪ ಈ ಹುರುಪಿನಲ್ಲೇ ಮನೆಗೆ ಹೋಗುತ್ತಾನೆ. ನಾಳೆಯಿಂದ ಮತ್ತೆ ಆರಿಸಲು ಕೂರುತ್ತಾನೆ. ಹೊನ್ನೇಶ್ ಚಿಕ್ಕಪ್ಪ ಇನ್ನೂ ಹದಿನೈದು ವರ್ಷ ಬಾಯಿ ಬಿಡುವುದಿಲ್ಲ. ರಿಪೋರ್ಟಿನಲ್ಲಿ ಕೆಟ್ಟ ಸಂಖ್ಯೆ ಬಂದಾಗ ಲ್ಯಾಬಿನಲ್ಲಿ ಅವಳು ಅದನ್ನು ಲಕೋಟೆಗೆ ಹಾಕಿ ಕೊಡುತ್ತಿದ್ದಳು. ಇಲ್ಲಿ ಲಕೋಟೆ ಇರಲಿಲ್ಲ.

"ಅಪ್ಪ, ಆರಿಸೋ ಕೆಲಸ ಮೊದಲು ಯಾರು ಮಾಡ್ತಿದ್ರು?"

"ಯಾವ ಮೊದಲು?"

"ನಿನ್ನ ಕೈ ಹೋಗೋಕೆ ಮೊದಲು."

"ಸುಮನವ್ವ ಮಾಡ್ತಿದ್ರು. ಬೇರೆ ಮನೆಗಳಲ್ಲಿ ಅವರವರ ಹೆಂಗಸರು." ತುತ್ತು ಬಾಯಿಗೆ ಹೋಗುವುದರೊಳಗೆ ನಿಂತಿತು. "ಯಾಕೆ?"

"ಅದಕ್ಕೆ ಯಾರಾದ್ರೂ ಒಡೆಯೋರಿಗೆ ಕೂಲಿ ಕೊಟ್ಟಿದ್ರಾ? ಯಾವತ್ತಾದ್ರೂ?"

ಓಬಳಪ್ಪ ತುತ್ತನ್ನು ಮತ್ತೆ ಡಬ್ಬಿಗೆ ಹಾಕಿದ. ಅವಳು ನೋಟ್‌ಬುಕ್ ತೆಗೆಯಲಿಲ್ಲ, ಸಂಖ್ಯೆಗಳು ಬಾಯಿಪಾಠವಾಗಿದ್ದವು. ಹೇಳುತ್ತಾ ಹೋದಳು. ಮೊದಲು ಎಷ್ಟು ಚಿಪ್ಪು, ಈಗ ಎಷ್ಟು ಚಿಪ್ಪು. ಇಬ್ಬರೇ ಒಡೆಯುವ ಒಂದೂವರೆ ಸಾವಿರ ಕಾಯಿ, ಅದಕ್ಕೆ ಬರುವ ಕೂಲಿ, ಅದರಲ್ಲಿ ಆಗುವ ಮೂರು ಪಾಲು. ಹೊನ್ನೇಶನದು ದಿನಕ್ಕೆ ಮುನ್ನೂರ ಇಪ್ಪತ್ತೈದು, ಸಿದ್ದೇಶನದು ಮುನ್ನೂರ ಇಪ್ಪತ್ತೈದು. ಒಂದು ಸಂಖ್ಯೆಯೂ ತಪ್ಪದಂತೆ ನೋಡಿಕೊ‍ಳ್ಳುವುದರಲ್ಲೇ ಅವಳ ಗಮನವೆಲ್ಲ ಇತ್ತು.

"ಗುರುಮೂರ್ತಪ್ಪೋರು ನನ್ನ ಕರೆದು ಹೇಳಿದ್ರು. ನಿನ್ನ ಕಣ್ಣು ಚೆನ್ನಾಗದೆ, ನೀನೇ ಆರಿಸು ಅಂತ."

"ಹೊನ್ನೇಶ್ ಚಿಕ್ಕಪ್ಪ ಹೇಳಿಸಿದ್ದು."

"ನಿಮ್ಮವ್ವಂಗೆ ಗೊತ್ತಾ?"

"ಹೋದ ವಾರ ಕೇಳ್ದೆ. ಗೊತ್ತಿತ್ತು."

"ಊರಿಗೆಲ್ಲ ಗೊತ್ತು ಹಂಗಾದ್ರೆ. ನನ್ನೊಬ್ಬನ್ನ ಬಿಟ್ಟು." ಬುತ್ತಿಯ ಮುಚ್ಚಳ ಹಾಕಲು ಹೋದ. ಬಲಗೈ ಅದನ್ನು ಒತ್ತಲಾರದೆ ಜಾರಿತು. ಶ್ರುತಿ ಕೈ ಚಾಚಿದಳು. "ಮುಟ್ಟಬ್ಯಾಡ!" ಎಂದು ಗದರಿದ. ಪಕ್ಕದ ಕಟ್ಟೆಯವರು ತಿರುಗಿ ನೋಡಿದರು. ಮೊಣಕಾಲಿನ ನಡುವೆ ಡಬ್ಬಿ ಸಿಕ್ಕಿಸಿ ಎಡಗೈಯಲ್ಲಿ ಮುಚ್ಚಿದ.

"ನೀನು ಯಾಕೆ ಹೇಳ್ದೆ? ಅವ್ರು ಯಾರೂ ಹೇಳ್ಲಿಲ್ಲ. ನೀನು ಓದಿರೋಳು ಅಂತಾನಾ?"

"ಇನ್ನರ್ಧ ಗಂಟೆಗೆ ನೀನು ಮತ್ತೆ ಅಲ್ಲಿ ನಿಂತ್ಕೊಂಡು ಪ್ರಮಾಣದ ಮೇಲೆ ಮಾತಾಡ್ತೀಯ ಅಪ್ಪ. ಏನು ಹೇಳು ಅಂತ ನಾನು ಹೇಳಲ್ಲ. ಇದ್ದದ್ದು ಗೊತ್ತಿರಲಿ ಅಂತ ಹೇಳ್ದೆ."

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಅಡಿಕೆ ಮೂಟೆ ಹೇರಿದ ಲಾರಿಯೊಂದು ಹಾದುಹೋಯಿತು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದ.

"ಹೊನ್ನೇಶನ ಮಗಳು ನರ್ಸಿಂಗ್ ಬಿಟ್ಟಿದ್ದು ಇದಕ್ಕಾ?"

ಶ್ರುತಿಗೆ ಉತ್ತರ ಖಚಿತವಾಗಿ ಗೊತ್ತಿರಲಿಲ್ಲ. ಹೊನ್ನೇಶ್ ಒಪ್ಪಿರಲಿಲ್ಲ. "ಬೇರೆ ವಿಷಯ ಅಂದ್ರು," ಎಂದಳು.

"ಬೇರೆ ವಿಷಯ." ಓಬಳಪ್ಪ ಎದ್ದು ನಲ್ಲಿಯ ಕಡೆ ಹೋದ.

ಮೂರು ಗಂಟೆಗೆ ಅವನು ಕಟಕಟೆ ಹತ್ತಿದಾಗ ಬಲ ತೋಳಿನ ಗುಂಡಿ ಬಿಚ್ಚಿತ್ತು. ರುದ್ರಮೂರ್ತಿ ನಗುಮೊಗದಿಂದಲೇ ಎದ್ದರು.

"ಹೆಚ್ಚು ಹೊತ್ತು ತಗೊಳ್ಳಲ್ಲ. ಊಟಕ್ಕೆ ಮುಂಚೆ ನೀವೇ ಹೇಳಿದ ಪ್ರಕಾರ ದಿನಾ ದುಡೀತೀರಿ, ಎಲ್ಲರಷ್ಟೇ ಪಾಲು ತಗೊಳ್ತೀರಿ. ಅಂದಮೇಲೆ ಆ ಘಟನೆಯಿಂದ ನಿಮಗೆ ದುಡಿಮೆಯ ನಷ್ಟ ಏನೂ ಆಗಿಲ್ಲ ಅಂದ್ರೆ ಸರಿ ತಾನೇ?"

ಶ್ರುತಿ ಮುಂದಿನ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದಳು.

"ಉತ್ತರ ಕೊಡಿ," ಎಂದರು ನ್ಯಾಯಾಧೀಶರು.

"ಊಟಕ್ಕೆ ಮುಂಚೆ ಕೇಳಿದ್ರೆ ಸರಿ ಅಂತಿದ್ದೆ ಸ್ವಾಮಿ."

ರುದ್ರಮೂರ್ತಿಯ ನಗು ಹೋಯಿತು. "ಅಂದ್ರೆ ಊಟದ ಹೊತ್ತಲ್ಲಿ ಯಾರೋ ಹೇಳಿಕೊಟ್ಟಿದ್ದಾರೆ. ಹೌದೋ ಅಲ್ವೋ?"

"ಹೌದು. ನನ್ನ ಮಗಳು ಹೇಳಿದ್ಲು. ಅಗೋ ಅಲ್ಲಿ ಕೂತವಳೆ."

ಎಲ್ಲರೂ ಅವಳತ್ತ ತಿರುಗಿದರು. ವನಜಾಕ್ಷಿ ಮಾತ್ರ ತಮ್ಮ ಮುಂದಿನ ಕಾಗದವನ್ನೇ ನೋಡುತ್ತಿದ್ದರು. "ಮಾನ್ಯರೇ, ಇದನ್ನ ದಾಖಲಿಸಬೇಕು," ಎಂದರು ರುದ್ರಮೂರ್ತಿ. "ಸಾಕ್ಷಿಗೆ ಪಾಠ ಮಾಡಲಾಗಿದೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಮಗಳು ಏನು ಹೇಳಿದಳು?"

"ಆರಿಸೋದು ಕೂಲಿ ಕೆಲಸ ಅಲ್ಲ ಅಂದ್ಲು. ನನಗೆ ಕೊಡ್ತಿರೋ ದುಡ್ಡು ಹೊನ್ನೇಶಂದು, ಸಿದ್ದೇಶಂದು ಅಂದ್ಲು. ನಂಗೆ ಗೊತ್ತಿರಲಿಲ್ಲ ಸ್ವಾಮಿ. ಆಗ ದುಡ್ದಿದ್ದು ಅಂದಾಗ ಅದನ್ನೇ ನಿಜ ಅಂದ್ಕಂಡಿದ್ದೆ."

"ಈಗ ಅವಳು ಹೇಳಿದ್ದು ನಿಜ ಅಂತ ನಿಮಗೆ ಹೇಗೆ ಗೊತ್ತು?"

ಅದು ನ್ಯಾಯವಾದ ಪ್ರಶ್ನೆ. ಓಬಳಪ್ಪ ಅದನ್ನು ಹಾಗೆಯೇ ತೆಗೆದುಕೊಂಡ.

"ಮೂವತ್ತು ವರ್ಷ ಈ ಕೆಲಸ ಮಾಡಿದೀನಿ. ಆರಿಸೋದನ್ನ ಮನೆ ಹೆಂಗಸರು ನನ್ನ ಕಣ್ಣ ಮುಂದೇನೇ ಮಾಡ್ತಿದ್ರು. ಅದಕ್ಕೆ ನಮಗೆ ಯಾರೂ ಒಂದು ಕಾಸು ಕೊಟ್ಟಿರಲಿಲ್ಲ. ಅದು ಗೊತ್ತಿದ್ದೂ, ಅದು ನಿನ್ನ ಕೆಲಸ ಅಂತ ಯಜಮಾನ್ರು ಅಂದಾಗ ನಂಬ್ಕಂಡೆ. ನಂಬಕೆ ನಂಗೆ ಆಸೆ ಇತ್ತು ಅಂತ ಕಾಣ್ತದೆ."

ಬೆರಳಚ್ಚಿನ ಸದ್ದು ನಿಂತಿತ್ತು. ನ್ಯಾಯಾಧೀಶರು ಬೆರಳಚ್ಚುಗಾರ್ತಿಯತ್ತ ನೋಡಿದ ಮೇಲೆ ಮತ್ತೆ ಶುರುವಾಯಿತು.

ರುದ್ರಮೂರ್ತಿ ಬಿಡಲಿಲ್ಲ. "ಇದೆಲ್ಲ ಪರಿಹಾರದ ಹಣಕ್ಕಾಗಿ ಕಟ್ಟಿದ ಕತೆ ಅಂತೀನಿ. ನೀವು ಈಗಲೂ ಕಾಯಿ ಒಡೀಬಲ್ಲಿರಿ."

ಓಬಳಪ್ಪ ಬಲಗೈಯನ್ನು ಕಟಕಟೆಯ ಮರದ ಮೇಲೆ ಇಟ್ಟ. ಮುಂಗೈಯಿಂದ ಅಂಗೈ ಒಂದು ಕಡೆಗೆ ವಾಲಿ ನಿಂತಿತ್ತು. ಅದನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿದ.

"ಮೊದಲು ದಿನಕ್ಕೆ ಒಂಬೈನೂರು ಒಡೀತಿದ್ದೆ. ಇಡೀ ಗುಂಪಿನಲ್ಲಿ ನಂದೇ ಹೆಚ್ಚು. ಹೋಳು ನೂರಕ್ಕೆ ಎರಡು ಬಿದ್ರೆ ಹೆಚ್ಚು. ಈಗ..." ಎಡಗೈಯಿಂದ ಮಣಿಕಟ್ಟನ್ನು ಮುಟ್ಟಿದ. ನ್ಯಾಯಾಧೀಶರು ಕಾದರು. "ಈಗ ಒಂದೂ ಆಗಲ್ಲ ಸ್ವಾಮಿ. ನಾನು ಕೆಲಸಕ್ಕೆ ಬರಲ್ಲ. ಬರಕೊಳ್ಳಿ."

ಹೇಳಿಕೆಯನ್ನು ಓದಿ ಹೇಳಿದರು. ಒಂದು ಕಾಯಿಯನ್ನೂ ಒಡೆಯಲು ಅಶಕ್ತನಾಗಿದ್ದೇನೆ ಎಂಬ ಸಾಲು ಬಂದಾಗ ಓಬಳಪ್ಪ, "ಸರಿ ಅದೆ," ಎಂದ. ಪೆನ್ನನ್ನು ಬಲಗೈಯಲ್ಲೇ ಹಿಡಿದು ನಿಧಾನವಾಗಿ ರುಜು ಮಾಡಿದ.

ಬಾಗಿಲ ಬಳಿ ಜವಾನ ಹೊನ್ನೇಶನ ಹೆಸರು ಕೂಗಿದ. ಹೊನ್ನೇಶ್ ಟವೆಲು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ಕೆಳಗಿಳಿದು ಬರುತ್ತಿದ್ದ ಓಬಳಪ್ಪ ಎದುರಾದ.

"ಆಯ್ತೇನಣ್ಣ? ಸಿದ್ದೇಶ ಹೊರಗವ್ನೆ, ಟೀ ಕುಡ್ಕಂಡು ಬಾ ಹೋಗು."

"ಟೀನೂ ಬ್ಯಾಡ, ಗೀನೂ ಬ್ಯಾಡ. ಇಲ್ಲೇ ಕೂತ್ಕಂತೀನಿ."

ಹೊನ್ನೇಶ್ ಗಾಬರಿಯಿಂದ ಶ್ರುತಿಯ ಕಡೆ ನೋಡಿದ. ಅವಳ ಮುಖ ನೋಡಿದ ಮೇಲೆ ಅವನಿಗೆ ಎಲ್ಲ ತಿಳಿಯಿತು.

"ಅಣ್ಣ, ಅದು..."

"ಬಾಯಿ ಮುಚ್ಕೋ. ನಿಂಗೆ ಆಮೇಲೆ ಅದೆ." ಓಬಳಪ್ಪನ ದನಿ ಪಿಸುಮಾತಿನದಾದರೂ ಮೊದಲ ಸಾಲಿನವರಿಗೆಲ್ಲ ಕೇಳಿಸಿತು. "ಈಗ ಹೋಗಿ ದಿನಕ್ಕೆ ಎಷ್ಟು ಬಿಟ್ಟುಕೊಟ್ಟೆ ಅಂತ ಸರಿಯಾಗಿ ಹೇಳು. ಮಗಳ ಓದಿನ ವಿಷಯಾನೂ ಹೇಳು. ನನ್ನ ಮಕ ನೋಡ್ಕಂಡು ಕಮ್ಮಿ ಹೇಳಿದ್ಯೋ, ಎದ್ದು ನಿಂತು ಕೂಗ್ತೀನಿ."

"ನಿಶ್ಶಬ್ದ," ಎಂದ ಜವಾನ.

ಓಬಳಪ್ಪ ಬಂದು ಶ್ರುತಿಯ ಬೆಂಚಿನಲ್ಲೇ ಕೂತ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅವಳನ್ನು ನೋಡಲಿಲ್ಲ.

ಕಟಕಟೆಯಲ್ಲಿ ಹೊನ್ನೇಶ್ ಪ್ರಮಾಣ ಮಾಡಿದ. ಓಬಳಪ್ಪನಿಗೆ ಅವರು ಕೊಡುತ್ತಿರುವ ಹಣ ಯಾರ ದುಡಿಮೆಯದು ಎಂದು ವನಜಾಕ್ಷಿ ಕೇಳಿದರು. ಹೊನ್ನೇಶ್ ನೆಲ ನೋಡಿದ, ಫ್ಯಾನು ನೋಡಿದ, ಕೊನೆಗೆ ಬೆಂಚಿನ ಕಡೆ ನೋಡಿದ. ಓಬಳಪ್ಪ ಗಲ್ಲ ಎತ್ತಿ, ಹೇಳು ಎಂಬಂತೆ ಸನ್ನೆ ಮಾಡಿದ.

"ನಂದು ಮುನ್ನೂರ ಇಪ್ಪತ್ತೈದು," ಎಂದ ಹೊನ್ನೇಶ್.

ಬೆರಳಚ್ಚು ಯಂತ್ರ ಸಂಖ್ಯೆಯನ್ನು ಬರೆದುಕೊಂಡಿತು.